ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: 14,000 ಕಿ.ಮೀ. ಅಂದರೆ ಎಷ್ಟು ಗಂಟೆ?

ಪ್ರಶ್ನೆ: ನಾವು ಶಿವಮೊಗ್ಗದವರು. ತಂಗಿ ಅಮೆರಿಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿದ್ದಾಳೆ, ಜನವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಡಿಸೆಂಬರ್ ಮಧ್ಯದಲ್ಲಿ ಹೊರಟು ಮೇ ತಿಂಗಳಲ್ಲಿ ವಾಪಸ್ ಬರಬೇಕು. ಅಮ್ಮನಿಗೆ 67 ವರ್ಷ. ಮಂಡಿನೋವಿದೆ, ಶುಗರ್ ಇದೆ. ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಒಬ್ಬರೇ ಹೋಗಬೇಕು. ನೆಟ್‌ನಲ್ಲಿ ನೋಡಿದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 14,000 ಕಿ.ಮೀ. ಅಂತಿದೆ. ಗಂಟೆಗೆ 900 ಕಿ.ಮೀ. ಅಂದರೆ ಹದಿನೈದೂವರೆ ಗಂಟೆ ಆಗಬೇಕು. ಆದರೆ ಒಂದು ಟಿಕೆಟ್‌ನಲ್ಲಿ ಹೋಗಲು 16 ಗಂಟೆ, ಬರಲು ಹದಿನೇಳೂವರೆ ಅಂತಿದೆ. ಇನ್ನೊಂದರಲ್ಲಿ 22, ಮತ್ತೊಂದರಲ್ಲಿ 27. ಭೂಮಿ ತಿರುಗುವುದರಿಂದ ಹೀಗೆ ಅಂತ ಸೋದರಮಾವ ಹೇಳುತ್ತಾರೆ. ಪಕ್ಕದ ಮನೆಯವರು, ‘ನೇರ ವಿಮಾನ ಉತ್ತರ ಧ್ರುವದ ಮೇಲೆ ಸುತ್ತಿಕೊಂಡು ಹೋಗುತ್ತೆ, ಅಪಾಯ. ದುಬೈನಲ್ಲಿ ಇಳಿದು ಹೋಗಲಿ, ಪ್ರಯಾಣ ಎರಡು ಭಾಗ ಆಗುತ್ತೆ’ ಅಂತಾರೆ. ಯಾವುದು ಸರಿ? ಅಮ್ಮನಿಗೆ ಯಾವ ದಾರಿ ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ದೂರ ಮತ್ತು ಗಂಟೆಯ ಲೆಕ್ಕ ಯಾಕೆ ಕೂಡುವುದಿಲ್ಲ ಅನ್ನುವುದು ಒಂದು. ಮಂಡಿನೋವಿರುವ ಅಮ್ಮ ಒಬ್ಬರೇ ಇಷ್ಟು ದೂರ ಹೇಗೆ ಹೋಗುತ್ತಾರೆ ಅನ್ನುವುದು ಇನ್ನೊಂದು. ಎರಡನೆಯದೇ ನಿಮ್ಮ ನಿಜವಾದ ಚಿಂತೆ ಅಂತ ನನಗೆ ಅರ್ಥವಾಗುತ್ತದೆ. ಆದರೆ ಮೊದಲನೆಯದು ಬಿಡಿಸಿಕೊಂಡರೆ ಎರಡನೆಯದು ಅರ್ಧ ಬಗೆಹರಿದ ಹಾಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಫ್ಲೈಟ್ ಡಿಸ್ಪ್ಯಾಚ್ ಕೆಲಸ ಮಾಡಿದವನು. ವಿಮಾನ ಹೊರಡುವ ಕೆಲವು ಗಂಟೆ ಮೊದಲು ನೆಲದ ಮೇಲೆ ಕೂತು, ಇವತ್ತು ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಇಂಧನ ತುಂಬಬೇಕು, ತೊಂದರೆ ಆದರೆ ಎಲ್ಲಿ ಇಳಿಯಬೇಕು ಅಂತ ಲೆಕ್ಕ ಹಾಕುವ ಕೆಲಸ ಅದು. ನಮ್ಮ ಮೇಜಿನ ಮೇಲೆ ದೂರದ ಅಂಕಿ ಒಂದು ಮೂಲೆಯಲ್ಲಿ ಇರುತ್ತಿತ್ತು. ನಾವು ಮೊದಲು ನೋಡುತ್ತಿದ್ದದ್ದು ಗಾಳಿಯ ನಕ್ಷೆ.

ನೀವು ನೋಡಿದ 14,000 ಕಿ.ಮೀ. ಸರಿಯಾದ ಅಂಕಿಯೇ. ಆದರೆ ಅದು ಗೋಳದ ಮೇಲೆ ಎರಡು ಊರುಗಳ ನಡುವೆ ದಾರ ಎಳೆದು ಹಿಡಿದರೆ ಸಿಗುವ ದೂರ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅಮ್ಮನ ಹೂ ಕಟ್ಟುವ ದಾರ ತೆಗೆದುಕೊಂಡು ಬನ್ನಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಉತ್ತರಕ್ಕೆ ಜಾರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ ದಾಟಿ, ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಮೇಲೇರಿ, ಅಲಾಸ್ಕಾ ಮೇಲೆ ಇಳಿದು ಅಮೆರಿಕದ ಪಶ್ಚಿಮ ಕರಾವಳಿಗೆ ಬರುತ್ತದೆ. ಇದೇ ಅತಿ ಹತ್ತಿರದ ದಾರಿ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಇದನ್ನೇ ಬರೆದರೆ ದೊಡ್ಡ ಕಮಾನಿನ ಹಾಗೆ ಕಾಣುತ್ತದೆ. ಗುಂಡಗಿರುವ ಭೂಮಿಯನ್ನು ಹಾಳೆಯ ಮೇಲೆ ಹರಡಿದಾಗ ಉತ್ತರದ ಭಾಗ ಹಿಗ್ಗುತ್ತದೆ, ಅದಕ್ಕೆ. ಹಾಗಾಗಿ ‘ಉತ್ತರಕ್ಕೆ ಸುತ್ತಿಕೊಂಡು ಹೋಗುತ್ತೆ’ ಅನ್ನುವ ಮಾತು ನಕ್ಷೆ ಹುಟ್ಟಿಸಿದ ತಪ್ಪು. ಸುತ್ತು ಅಂತ ಕಾಣುವುದೇ ಅಲ್ಲಿ ನೇರ ದಾರಿ.

ಇನ್ನೊಂದು ಮಾತು. ಆ ದಾರದ ದಾರಿಯಲ್ಲಿ ವಿಮಾನ ಹಾಗೇ ಹಾರುವುದು ಬಹಳ ಅಪರೂಪ. ಹಿಮಾಲಯ ದಾಟಿದ ಮೇಲೆ ಟಿಬೆಟ್ ಪ್ರಸ್ಥಭೂಮಿ ಇದೆ. ಅದರ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಕ್ಯಾಬಿನ್‌ನ ಗಾಳಿಯ ಒತ್ತಡ ಕಳೆದುಹೋದರೆ ಪೈಲಟ್ ಕೂಡಲೇ 3,000 ಮೀಟರ್‌ಗೆ ಇಳಿಯಬೇಕು. ಪ್ರಯಾಣಿಕರ ಮುಖವಾಡಕ್ಕೆ ಬರುವ ಆಮ್ಲಜನಕ ಹದಿನೈದು ಇಪ್ಪತ್ತು ನಿಮಿಷದ ಮಾತು. ನೆಲವೇ ಅದಕ್ಕಿಂತ ಎತ್ತರದಲ್ಲಿದ್ದರೆ ಎಲ್ಲಿಗೆ ಇಳಿಯುವುದು? ಅದಕ್ಕೇ ಆ ಪ್ರದೇಶವನ್ನು ಆದಷ್ಟು ಬಿಟ್ಟು ಹೋಗುತ್ತಾರೆ. ಬೆಂಗಳೂರಿನಿಂದ ಹೊರಟ ವಿಮಾನ ಸಾಮಾನ್ಯವಾಗಿ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್ ಕಡೆ ಹೋಗಿ ಉತ್ತರ ಪೆಸಿಫಿಕ್ ದಾಟುತ್ತದೆ. ದೂರ ಸ್ವಲ್ಪ ಜಾಸ್ತಿ ಆಗುತ್ತದೆ. ಆದರೆ ಅಲ್ಲಿ ಗಾಳಿ ಸಿಗುತ್ತದೆ.

ನಿಮ್ಮ ಲೆಕ್ಕ ತಪ್ಪಿದ್ದು ಈ ಗಾಳಿಯಲ್ಲೇ. ನೆಲದಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯ ಹಾಗೆ ಹರಿಯುವ ಗಾಳಿ ಇದೆ. ಅದಕ್ಕೆ ಜೆಟ್ ಸ್ಟ್ರೀಮ್ ಅಂತಾರೆ. ಜಪಾನಿನ ಮೇಲೆ ಚಳಿಗಾಲದಲ್ಲಿ ಅದು ಗಂಟೆಗೆ 200ರಿಂದ 300 ಕಿ.ಮೀ. ವೇಗ ಮುಟ್ಟುತ್ತದೆ. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಬಲೂನ್‌ಗಳನ್ನು ಹಾರಿಸಿ ಈ ಗಾಳಿಯನ್ನು ಅಳೆದಿದ್ದರು. ಜಗತ್ತಿಗೆಲ್ಲ ಗೊತ್ತಾಗಲಿ ಅಂತ ವರದಿಯನ್ನು ಎಸ್ಪರಾಂಟೊ ಅನ್ನುವ, ಎಲ್ಲ ದೇಶದವರಿಗೂ ಒಂದೇ ಇರಲಿ ಅಂತ ಕಟ್ಟಿದ ಭಾಷೆಯಲ್ಲಿ ಬರೆದರು. ಆ ಭಾಷೆ ಓದುವವರೇ ಕಡಿಮೆ ಇದ್ದರು, ಹೊರಗಿನವರ ಗಮನಕ್ಕೆ ಅದು ಬರಲಿಲ್ಲ. ನನಗೆ ಈಗಲೂ ಆ ಮನುಷ್ಯನನ್ನು ನೆನೆದರೆ ಬೇಜಾರಾಗುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ನಿಜವಾಗಿ ಹಾರುವ ದಾರಿ 14,500 ಕಿ.ಮೀ. ಅಂದುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 60 ಕಿ.ಮೀ. ಗಾಳಿ ಹಿಂದಿನಿಂದ ತಳ್ಳುತ್ತಿದೆ. ವಿಮಾನ ಗಾಳಿಯಲ್ಲಿ 900 ವೇಗದಲ್ಲಿದ್ದರೆ ನೆಲಕ್ಕೆ ಹೋಲಿಸಿದಾಗ 960 ವೇಗದಲ್ಲಿ ಸಾಗುತ್ತದೆ. 15 ಗಂಟೆ 6 ನಿಮಿಷ ಸಾಕು. ಅದೇ ದಾರಿಯಲ್ಲಿ ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತದೆ. ವೇಗ 840ಕ್ಕೆ ಇಳಿಯುತ್ತದೆ, 17 ಗಂಟೆ 16 ನಿಮಿಷ ಬೇಕು. ಗದಗದ ಬಯಲಿನಲ್ಲಿ ಸೈಕಲ್ ತುಳಿದವರಿಗೆ ಇದನ್ನು ವಿವರಿಸುವುದೇ ಬೇಡ. ಇದರ ಮೇಲೆ ಗೇಟ್ ಬಿಟ್ಟು ರನ್‌ವೇಗೆ ಹೋಗುವ ಹೊತ್ತು, ಇಳಿದ ಮೇಲೆ ಗೇಟ್ ಸೇರುವ ಹೊತ್ತು, ದಟ್ಟಣೆಗೆ ಅಂತ ಇಟ್ಟುಕೊಂಡ ಸ್ವಲ್ಪ ಹೆಚ್ಚುವರಿ ಸಮಯ ಸೇರುತ್ತದೆ. ಟಿಕೆಟ್‌ನಲ್ಲಿ ಬರೆಯುವುದು ಗೇಟ್‌ನಿಂದ ಗೇಟ್‌ಗೆ ಆಗುವ ಸಮಯ. ನಿಮ್ಮ 16 ಮತ್ತು ಹದಿನೇಳೂವರೆ ಬಂದದ್ದು ಹೀಗೆ.

ಈಗ ಸೋದರಮಾವನ ಮಾತಿಗೆ ಬರೋಣ. ಭೂಮಿ ತಿರುಗುವಾಗ ಅದರ ಮೇಲಿನ ಗಾಳಿಯೂ ಜೊತೆಗೇ ತಿರುಗುತ್ತದೆ. ಶಿವಮೊಗ್ಗ–ಬೆಂಗಳೂರು ರೈಲಿನಲ್ಲಿ ಬೋಗಿಯ ಈ ತುದಿಯಿಂದ ಆ ತುದಿಗೆ ನಡೆದು ನೋಡಿ. ಎಂಜಿನ್ ಕಡೆ ನಡೆದರೂ ಗಾರ್ಡ್ ಕಡೆ ನಡೆದರೂ ಹೊತ್ತು ಒಂದೇ. ಮಾವನ ಲೆಕ್ಕ ಸರಿಯಿದ್ದಿದ್ದರೆ, ಹೆಲಿಕಾಪ್ಟರ್ ಒಂದು ಶಿವಮೊಗ್ಗದ ಮೇಲೆ ಸುಮ್ನೆ ನಿಂತಿದ್ದರೆ ಸ್ವಲ್ಪ ಹೊತ್ತಿಗೆ ಕೆಳಗೆ ಅರಬ್ಬಿ ಸಮುದ್ರ ಕಾಣಬೇಕಿತ್ತು. ಅಷ್ಟೇ ಅಲ್ಲ, ಭೂಮಿ ತಿರುಗುವುದು ಪೂರ್ವಕ್ಕೆ. ಅಂದರೆ ಪೂರ್ವಕ್ಕೆ ಹೋಗುವಾಗ ಊರು ಮುಂದೆ ಮುಂದೆ ಓಡಬೇಕು, ಜಾಸ್ತಿ ಹೊತ್ತು ಬೇಕು. ಆಗುವುದು ಉಲ್ಟಾ ಅಲ್ವಾ? ಹಾಗಂತ ಮಾವನನ್ನು ಪೂರ್ತಿ ತಪ್ಪು ಅನ್ನಬೇಡಿ. ಆ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೇ ಯಾಕೆ ಬೀಸುತ್ತದೆ ಅಂದರೆ, ಅದರಲ್ಲಿ ಭೂಮಿಯ ತಿರುಗುವಿಕೆಯ ಪಾತ್ರ ದೊಡ್ಡದು.

ವಾಪಸ್ ಬರುವಾಗ ಎದುರುಗಾಳಿ ತಪ್ಪಿಸಲು ಡಿಸ್ಪ್ಯಾಚರ್ ಬೇರೆ ದಾರಿ ಹುಡುಕುತ್ತಾನೆ. ಕೆಲವು ಸಲ ಕಿಲೋಮೀಟರ್ ಜಾಸ್ತಿ ಇರುವ ದಾರಿಯೇ ಬೇಗ ಮುಟ್ಟಿಸುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಬೆಂಗಳೂರಿನದೇ ಇದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಮಾರ್ಗದಲ್ಲಿ ಮೊದಲ ನೇರ ವಿಮಾನ ಹಾರಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 16,000 ಕಿ.ಮೀ. ಕ್ರಮಿಸಿ, 17 ಗಂಟೆಯಲ್ಲಿ ದೇವನಹಳ್ಳಿಗೆ ಬಂದಿಳಿದರು. ನಿಮ್ಮ 14,000ಕ್ಕೂ ಅವರು ಹಾರಿದ ದೂರಕ್ಕೂ 2,000 ಕಿ.ಮೀ. ಅಂತರ. ಅವರು ಹೊರಟದ್ದು 9ನೇ ತಾರೀಕು ರಾತ್ರಿ, ಇಲ್ಲಿ ಇಳಿದದ್ದು 11ರ ನಸುಕಿನಲ್ಲಿ. ನಡುವಿನ 10ನೇ ತಾರೀಕು ಎಲ್ಲಿ ಹೋಯಿತು ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಅಮ್ಮನ ಟಿಕೆಟ್ ನೋಡುವಾಗ ನಿಮಗೆ ಅದು ಬೇಕಾಗುತ್ತದೆ.

ಧ್ರುವದ ಹತ್ತಿರ ಹಾರುವುದು ಅಪಾಯ ಅನ್ನುವ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅಲ್ಲಿ ಕೆಳಗೆ ಊರಿಲ್ಲ, ಚಳಿ ವಿಪರೀತ. ವಿಮಾನದ ಇಂಧನಕ್ಕೂ ಹೆಪ್ಪುಗಟ್ಟುವ ಮಟ್ಟ ಇದೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನಕ್ಕೆ ಅದು ಮೈನಸ್ 40 ಡಿಗ್ರಿ, ನಮ್ಮಲ್ಲಿ ಸಿಗುವ ಜೆಟ್ ಎ-1ಗೆ ಮೈನಸ್ 47. ಅದಕ್ಕೇ ಹೊರಡುವ ಮೊದಲೇ ದಾರಿಯ ತಾಪಮಾನ ನೋಡುತ್ತೇವೆ. ಇಂಧನ ತೀರಾ ತಣ್ಣಗಾಗುತ್ತಿದೆ ಅಂದರೆ ಪೈಲಟ್ ಕೆಳಗಿಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಎರಡು ಎಂಜಿನ್‌ನ ವಿಮಾನ ಒಂದೇ ಎಂಜಿನ್‌ನಲ್ಲಿ ಹಾರಬೇಕಾಗಿ ಬಂದರೆ ನಿಗದಿತ ಸಮಯದೊಳಗೆ ಮುಟ್ಟುವಂಥ ವಿಮಾನ ನಿಲ್ದಾಣ ದಾರಿಯ ಪ್ರತಿ ಹಂತದಲ್ಲೂ ಇರಲೇಬೇಕು. ಅಂಥ ದಾರಿ ಸಿಗದಿದ್ದರೆ ಫ್ಲೈಟ್ ಪ್ಲಾನ್‌ಗೆ ನಾವು ಸಹಿಯೇ ಹಾಕುವುದಿಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನದ ಒಂದು ಎಂಜಿನ್‌ನಲ್ಲಿ ತೊಂದರೆ ಕಾಣಿಸಿತು. ರಷ್ಯಾದ ಮಗದಾನ್‌ನಲ್ಲಿ ಇಳಿಸಿದರು. ಇನ್ನೂರಕ್ಕೂ ಹೆಚ್ಚು ಜನ ಕ್ಷೇಮವಾಗಿ ಇಳಿದರು. ಬೇರೆ ವಿಮಾನ ಬರುವ ತನಕ ಅಲ್ಲಿ ಕಷ್ಟಪಟ್ಟರು, ಅದು ನಿಜ. ಅಂಥ ದಾರಿಯಲ್ಲಿ ಎದುರಾಗುವ ತೊಂದರೆ ಸಾಮಾನ್ಯವಾಗಿ ಈ ಬಗೆಯದು. ಔಷಧಿ ಮುಗಿಯುವುದು, ಬಟ್ಟೆ ಸಾಲದಿರುವುದು, ಮಾತು ತಿಳಿಯದಿರುವುದು. ಅದಕ್ಕೆ ತಯಾರಿ ಮಾಡಿಕೊಳ್ಳಬಹುದು.

ಗಂಟೆ ಹೆಚ್ಚು ಕಡಿಮೆ ಆಗಲು ಇನ್ನೂ ಒಂದು ಕಾರಣ ಮುಚ್ಚಿದ ಆಕಾಶ. 2022ರ ಫೆಬ್ರವರಿಯ ನಂತರ ಅಮೆರಿಕ ಮತ್ತು ಯುರೋಪಿನ ಹೆಚ್ಚಿನ ದೇಶಗಳ ವಿಮಾನಗಳಿಗೆ ರಷ್ಯಾದ ಮೇಲೆ ಹಾರಲು ಆಗುತ್ತಿಲ್ಲ. 2025ರ ಏಪ್ರಿಲ್‌ನಿಂದ ಪಾಕಿಸ್ತಾನ ಭಾರತದ ವಿಮಾನಗಳಿಗೆ ದಾರಿ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳಿಗೆ ಇದರಿಂದ ದೊಡ್ಡ ಸುತ್ತು ಬಿತ್ತು. ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವ ದಾರಿಗೆ ಅದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.

ಇಷ್ಟು ದೂರಕ್ಕೆ ನೇರ ವಿಮಾನ ಓಡಿಸುವುದು ಎಷ್ಟು ಕಷ್ಟ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಒಂದು ಮಾತು. ಈ ಮಾರ್ಗ ಶುರು ಮಾಡಿದ ಬೋಯಿಂಗ್ 777-200ಎಲ್‌ಆರ್ ವಿಮಾನದ ಟ್ಯಾಂಕ್‌ಗಳಿಗೆ ಸುಮಾರು 1 ಲಕ್ಷ 81 ಸಾವಿರ ಲೀಟರ್ ಇಂಧನ ಹಿಡಿಸುತ್ತದೆ. ಇಂಧನ ಹೊರಲೂ ಇಂಧನ ಬೇಕು. ಮೇಲಾಗಿ ಬೆಂಗಳೂರಿನ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲಿಗೆ ಇನ್ನೂ ತೆಳು. ಚೆನ್ನೈನಿಂದಲೋ ಮುಂಬೈನಿಂದಲೋ ಹೊತ್ತುಕೊಂಡು ಏರಬಹುದಾದ ಭಾರವನ್ನು ಇಲ್ಲಿ ಏಪ್ರಿಲ್ ಮಧ್ಯಾಹ್ನ ಏರಿಸಲು ಆಗುವುದಿಲ್ಲ. ಅಂಥ ದಿನ ಕೆಲವು ಸೀಟು ಮಾರದೆ ಖಾಲಿ ಬಿಡುವುದು, ಸರಕು ಕಡಿಮೆ ಮಾಡುವುದು ನಮಗೆ ಮಾಮೂಲು. ಆದ್ದರಿಂದಲೇ ಇಂಥ ಸೇವೆ ದಿನಾ ಇರುವುದಿಲ್ಲ, ದರವೂ ಜಾಸ್ತಿ, ಕಂಪನಿಗಳು ಶುರು ಮಾಡುತ್ತವೆ, ನಿಲ್ಲಿಸುತ್ತವೆ, ಮತ್ತೆ ಶುರು ಮಾಡುತ್ತವೆ. ನಿಮ್ಮ ತಾರೀಕಿಗೆ ನೇರ ವಿಮಾನ ನಿಜವಾಗಿ ಇದೆಯಾ ಅಂತ ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲೇ ನೋಡಿ. ಹಳೆಯ ವೇಳಾಪಟ್ಟಿ ತೋರಿಸುವ ಸೈಟ್‌ಗಳನ್ನು ನಂಬಬೇಡಿ.

ಈಗ ಅಮ್ಮನ ವಿಷಯ.

ದುಬೈನಲ್ಲಿ ಇಳಿದರೆ ಪ್ರಯಾಣ ಎರಡು ಭಾಗ ಆಗುತ್ತದೆ ಅನ್ನುವುದು ನಾನು ಅತಿ ಹೆಚ್ಚು ಕೇಳಿದ ಮಾತು. ಭಾಗ ಎರಡಾಗುತ್ತದೆ, ಆದರೆ ಅರ್ಧ ಅರ್ಧ ಆಗುವುದಿಲ್ಲ. ಬೆಂಗಳೂರಿನಿಂದ ದುಬೈ 2,700 ಕಿ.ಮೀ., ನಾಲ್ಕು ಗಂಟೆ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋ 13,000 ಕಿ.ಮೀ., ಸುಮಾರು 16 ಗಂಟೆ. ಒಂದೇ ಸಲ ಕೂರುವ ಹೊತ್ತು ನೇರ ವಿಮಾನದಷ್ಟೇ ಉಳಿಯಿತಲ್ಲ! ಮೇಲಿನಿಂದ ನಾಲ್ಕು ಗಂಟೆ ಹಾರಾಟ, ಮೂರು ನಾಲ್ಕು ಗಂಟೆ ಕಾಯುವಿಕೆ, ಒಂದು ಸಲ ಹೆಚ್ಚಿಗೆ ಇಳಿದು ಹತ್ತುವುದು. ಪಕ್ಕದ ಮನೆಯವರಿಗೆ ಇನ್ನೊಂದೂ ಹೇಳಿ: ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಗೋಳದ ಮೇಲೆ ಹೆಚ್ಚು ಕಡಿಮೆ ಎದುರು ಬದುರು ರೇಖಾಂಶದಲ್ಲಿವೆ. ಅಲ್ಲಿ ದಾರ ಎಳೆದರೆ ಅದು ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ, ಬೆಂಗಳೂರಿನ ದಾರಕ್ಕಿಂತ ಎಷ್ಟೋ ಹತ್ತಿರ. ಸಿಂಗಾಪುರವೂ ಇದೇ ಕಥೆ. 3,200 ಕಿ.ಮೀ. ಮೊದಲ ತುಂಡು, 13,600 ಎರಡನೆಯದು.

ನಿಜವಾಗಿ ಅರ್ಧಕ್ಕೆ ಮುರಿಯುವ ಊರುಗಳು ಬೇರೆ. ಟೋಕಿಯೊ ಮೂಲಕ ಹೋದರೆ 6,700 ಮತ್ತು 8,200 ಕಿ.ಮೀ. ಕೂಡಿಸಿದರೆ 14,900, ಅಂದರೆ ದಾರದ ದೂರಕ್ಕಿಂತ ಬರೀ 900 ಜಾಸ್ತಿ. ಎಂಟು ಗಂಟೆ ಹಾರಿ, ಇಳಿದು, ಓಡಾಡಿ, ಮತ್ತೆ ಒಂಬತ್ತು ಒಂಬತ್ತೂವರೆ ಗಂಟೆ. ಡಿಸೆಂಬರ್‌ನಲ್ಲಿ ಆ ಎರಡನೇ ತುಂಡಿಗೆ ಗಾಳಿಯ ಬೆಂಬಲ ಜೋರಾಗಿಯೇ ಇರುತ್ತದೆ. ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150, ಒಟ್ಟು 16,500 ಚಿಲ್ಲರೆ. ಮಂಡಿ ಬಹಳ ಹೊತ್ತು ಮಡಚಿ ಕೂರಲು ಆಗುವುದೇ ಇಲ್ಲ ಅನ್ನುವವರಿಗೆ ಇವೆರಡನ್ನು ನಾನು ಹೇಳುತ್ತೇನೆ. ಅಲ್ಲಿಯ ತೊಂದರೆ ಭಾಷೆಯದು. ಟ್ರಾನ್ಸಿಟ್ ವೀಸಾ ಬೇಕಾ ಅಂತಲೂ ಬುಕ್ ಮಾಡುವ ಮೊದಲೇ ಏರ್‌ಲೈನ್‌ನಲ್ಲಿ ಕೇಳಿ ಖಚಿತ ಮಾಡಿಕೊಳ್ಳಬೇಕು.

ದೆಹಲಿ ದೂರದ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನ. ಬೆಂಗಳೂರು–ದೆಹಲಿ 1,700, ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ 12,400. ಒಟ್ಟು 14,100, ಸುತ್ತು ಅನ್ನುವುದೇ ಇಲ್ಲ. ಆದರೆ ನೀವು ಹೊರಡುವುದು ಡಿಸೆಂಬರ್ ಮಧ್ಯದಲ್ಲಿ. ದೆಹಲಿಯ ಮಂಜು ಆಗಲೇ ಶುರುವಾಗುತ್ತದೆ. ಬೆಳಗಿನ ಜಾವದ ಕನೆಕ್ಷನ್ ಇದ್ದರೆ ನಾನಂತೂ ನನ್ನ ಅಮ್ಮನನ್ನು ಕಳಿಸುತ್ತಿರಲಿಲ್ಲ. ಮೇ ತಿಂಗಳಲ್ಲಿ ಬರುವಾಗ ಆ ಚಿಂತೆ ಇಲ್ಲ.

ಅಮೆರಿಕದ ಒಳಗೆ ವಿಮಾನ ಬದಲಿಸುವ ಟಿಕೆಟ್ ಮಾತ್ರ ಬೇಡ. ನ್ಯೂಯಾರ್ಕ್‌ನಲ್ಲೋ ಷಿಕಾಗೋದಲ್ಲೋ ಇಳಿದರೆ ಇಮಿಗ್ರೇಷನ್ ಅಲ್ಲೇ ಮುಗಿಸಬೇಕು. ಸೂಟ್‌ಕೇಸ್‌ಗಳನ್ನು ಬೆಲ್ಟ್‌ನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಿ, ಇನ್ನೊಂದು ಗೇಟ್ ಹುಡುಕಬೇಕು. 23 ಕೆ.ಜಿ.ಯ ಎರಡು ಸೂಟ್‌ಕೇಸ್ ಮಂಡಿನೋವಿನವರು ಒಬ್ಬರೇ ಎತ್ತುವುದು ಹೇಗೆ? ಬದಲಿಸುವುದಿದ್ದರೆ ಅಮೆರಿಕ ಮುಟ್ಟುವ ಮೊದಲೇ ಬದಲಿಸಿ, ಕೊನೆಯ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಇಳಿಯಲಿ.

ನನ್ನ ಸಲಹೆ ಕೇಳಿದರೆ: ಭಾಷೆ ಬಾರದ, ಒಬ್ಬರೇ ಹೋಗುವ ಹಿರಿಯರಿಗೆ ನೇರ ವಿಮಾನ ಇದ್ದರೆ ಅದೇ. ಹಾರಾಟದ ಗಂಟೆಗಳಲ್ಲಿ ಅವರು ಕಳೆದುಹೋಗುವುದಿಲ್ಲ. ಕಳೆದುಹೋಗುವುದು ನಡುವಿನ ಊರಿನಲ್ಲಿ. ನಮ್ಮ ದೊಡ್ಡಮ್ಮ ಒಂದು ಸಲ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಬೋರ್ಡಿಂಗ್ ಪಾಸ್‌ನಲ್ಲಿದ್ದ ಗೇಟ್ ಮುಂದೆ ಮೂರು ಗಂಟೆ ಕದಲದೆ ಕೂತರು. ಮಧ್ಯೆ ಗೇಟ್ ಬದಲಾಯಿತು. ಇಂಗ್ಲಿಷ್‌ನಲ್ಲಿ ಎರಡು ಸಲ ಕೂಗಿದ್ದು ಅವರಿಗೆ ತಿಳಿಯಲಿಲ್ಲ. ವಿಮಾನ ಹೋಯಿತು. ಬಾತ್‌ರೂಮಿಗೆ ಹೋದರೆ ಎಲ್ಲಿ ವಿಮಾನ ಬಿಟ್ಟುಹೋಗುತ್ತೋ ಅಂತ ಅಷ್ಟು ಹೊತ್ತೂ ನೀರು ಸಹ ಕುಡಿದಿರಲಿಲ್ಲ. ಶುಗರ್ ಇರುವವರು. ಇದನ್ನು ನೆನೆದಾಗೆಲ್ಲ ನನಗೆ ಟಿಕೆಟ್‌ನಲ್ಲಿ ಉಳಿದ ಆ ಹದಿನೈದು ಸಾವಿರ ರೂಪಾಯಿ ದೊಡ್ಡದು ಅನಿಸುವುದಿಲ್ಲ.

ನೇರ ವಿಮಾನಕ್ಕೂ ಅದರದೇ ತೊಂದರೆ ಇದೆ, ಮುಚ್ಚಿಡುವುದಿಲ್ಲ. ಅದು ರದ್ದಾದರೆ ಮುಂದಿನದು ಎರಡು ಮೂರು ದಿನ ಬಿಟ್ಟು ಇರಬಹುದು. ಹೆರಿಗೆಯ ದಿನಕ್ಕಿಂತ ಸಾಕಷ್ಟು ಮೊದಲೇ ಹೊರಡುತ್ತಿದ್ದೀರಿ, ಆ ದೃಷ್ಟಿಯಿಂದ ಡಿಸೆಂಬರ್ ಮಧ್ಯ ಒಳ್ಳೆಯ ಆಯ್ಕೆ. ಸ್ಟಾಪ್ ಇರುವ ಟಿಕೆಟ್ ಆದರೆ ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಎರಡು ಬೇರೆ ಟಿಕೆಟ್ ಜೋಡಿಸಿದರೆ ಅಗ್ಗ ಆಗುತ್ತದೆ, ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ನಡುವೆ ಮೂರರಿಂದ ನಾಲ್ಕು ಗಂಟೆ ಇರಲಿ. ಒಂದೂವರೆ ಗಂಟೆಯ ಕನೆಕ್ಷನ್ ಸೈಟ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಅಮ್ಮನ ನಡಿಗೆಗೆ ಸಾಲದು.

ವೀಲ್‌ಚೇರ್ ಬುಕ್ ಮಾಡುವಾಗಲೇ ಕೇಳಿ, ಟಿಕೆಟ್‌ನಲ್ಲಿ ದಾಖಲಾಗಿದೆಯಾ ನೋಡಿ. ‘ನನಗೆ ನಡೆಯೋಕೆ ಆಗುತ್ತೆ, ಯಾಕೆ ಕುರ್ಚಿ’ ಅಂತ ಅಮ್ಮ ಹೇಳಬಹುದು. ನಡೆಸಿಕೊಂಡು ಹೋಗುವುದಕ್ಕಿಂತ ದಾರಿ ತೋರಿಸುವುದಕ್ಕೆ ಅದು ಬೇಕು ಅಂತ ತಿಳಿಸಿ ಹೇಳಿ. ಕುರ್ಚಿ ತಳ್ಳುವವರು ಇಮಿಗ್ರೇಷನ್ ದಾಟಿಸಿ ಹೊರಗೆ ತಂಗಿಯ ಕೈಗೆ ಒಪ್ಪಿಸುವ ತನಕ ಜೊತೆಗಿರುತ್ತಾರೆ. ತಂಗಿಯ ವಿಳಾಸ, ಫೋನ್ ನಂಬರ್, ಎಷ್ಟು ತಿಂಗಳು ಇರುತ್ತಾರೆ, ಯಾಕೆ ಬಂದಿದ್ದಾರೆ, ಯಾವ ಕಾಯಿಲೆಗೆ ಯಾವ ಔಷಧಿ, ಇವಿಷ್ಟನ್ನು ಒಂದು ಹಾಳೆಯಲ್ಲಿ ಇಂಗ್ಲಿಷ್‌ನಲ್ಲೂ ಕೆಳಗೆ ಕನ್ನಡದಲ್ಲೂ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಕನ್ನಡದಲ್ಲಿ ಯಾಕೆ ಅಂದರೆ, ತಾನು ಯಾವ ಹಾಳೆ ತೋರಿಸುತ್ತಿದ್ದೇನೆ ಅಂತ ಅಮ್ಮನಿಗೂ ಗೊತ್ತಿರಬೇಕು.

ಕೂತೇ ಇರುವುದರಿಂದ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯದ ಬಗ್ಗೆಯೂ ನೀವು ಕೇಳಿರಬಹುದು. ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣದ ನಂತರ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಹಾಗಿದ್ದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು. ನಡುದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಎಚ್ಚರ ಇದ್ದಾಗ ಗಂಟೆಗೊಮ್ಮೆ ಎದ್ದು ಅಡುಗೆ ಜಾಗದ ತನಕ ನಡೆದು ಬರಲಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಲಿ. ಒಳಗಿನ ಗಾಳಿ ಬಹಳ ಒಣ, ನೀರು ಕುಡಿಯುತ್ತಿರಲಿ. ನಾನು ವೈದ್ಯನಲ್ಲ. ಬಿಗಿ ಕಾಲುಚೀಲ ಬೇಕಾ, ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅನ್ನುವುದನ್ನು ವಿಮಾನದ ವೇಳಾಪಟ್ಟಿ ಹಿಡಿದುಕೊಂಡೇ ಹೋಗಿ ಅಮ್ಮನ ಡಾಕ್ಟರ್ ಹತ್ತಿರ ಕೇಳಿ. ಔಷಧಿ ಎಲ್ಲ ಕೈಚೀಲದಲ್ಲಿ ಇರಲಿ, ನಾಲ್ಕೈದು ದಿನಕ್ಕೆ ಹೆಚ್ಚಿಗೆ ಇರಲಿ, ಡಾಕ್ಟರ್ ಚೀಟಿ ಜೊತೆಗಿರಲಿ.

ಬಾಣಂತನ ಅಂದಮೇಲೆ ಅಂಟಿನ ಉಂಡೆ, ಮೆಂತ್ಯದ ಪುಡಿ, ಚಟ್ನಿಪುಡಿ ಹೋಗೇ ಹೋಗುತ್ತವೆ. ಪುಡಿಗಳನ್ನು ಕೈಚೀಲದಲ್ಲಿ ಇಡಬೇಡಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿ.ಲೀ. ಡಬ್ಬಿಗಿಂತ ಜಾಸ್ತಿ ಪುಡಿ ಇದ್ದರೆ ತಡೆದು ಪರೀಕ್ಷೆ ಮಾಡುತ್ತಾರೆ, ಬಿಸಾಡಿಸುವುದೂ ಉಂಟು. ಲಗೇಜ್‌ನಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ. ಇಳಿದ ಮೇಲೆ ತಿನ್ನುವ ಪದಾರ್ಥ ತಂದಿದ್ದೇನೆ ಅಂತ ಹೇಳಿಬಿಡಬೇಕು. ಹಣ್ಣು, ತರಕಾರಿ, ಬೀಜ ಬೇಡ.

ಬೆಂಗಳೂರಿಗೆ ಹಿಂದಿನ ದಿನವೇ ಬಂದುಬಿಡಿ. ಶಿವಮೊಗ್ಗದಿಂದ ನಗರಕ್ಕೇ ಸುಮಾರು 300 ಕಿ.ಮೀ., ದೇವನಹಳ್ಳಿ ಅದರಾಚೆ. ಆರೇಳು ಗಂಟೆ ಕಾರಿನಲ್ಲಿ ಕೂತು, ಮೂರು ಗಂಟೆ ನಿಲ್ದಾಣದಲ್ಲಿ ಕೂತು, ಆಮೇಲೆ 16 ಗಂಟೆ ವಿಮಾನ ಅಂದರೆ ಕಾಲು ಊದಿಕೊಳ್ಳುವುದು ಖಂಡಿತ. ಒಂದು ರಾತ್ರಿ ನೆಂಟರ ಮನೆಯಲ್ಲಿ ಕಾಲು ಚಾಚಿ ಮಲಗಿದರೆ ಅಮ್ಮ ಅರ್ಧ ಪ್ರಯಾಣ ಗೆದ್ದಂತೆ.

ಇನ್ನು ಆ ಮಾಯವಾದ ತಾರೀಕು. ಅಮ್ಮ ಹೋಗುವಾಗ ಅಲ್ಲಿ ಚಳಿಗಾಲದ ಸಮಯ, ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಮಂಗಳವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಇಳಿಯುವಾಗ ಇಲ್ಲಿ ಬುಧವಾರ ಬೆಳಿಗ್ಗೆ 6. ಅಲ್ಲಿ ಇನ್ನೂ ಮಂಗಳವಾರ ಸಂಜೆ ನಾಲ್ಕೂವರೆ. ಟಿಕೆಟ್ ನೋಡಿದರೆ ಎರಡೂವರೆ ಗಂಟೆಯ ಪ್ರಯಾಣದ ಹಾಗೆ ಕಾಣುತ್ತದೆ, ಗಾಬರಿ ಬೀಳಬೇಡಿ. ಮೇ ತಿಂಗಳಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹಾಕಿರುತ್ತಾರೆ, ವ್ಯತ್ಯಾಸ ಹನ್ನೆರಡೂವರೆ. ಮಂಗಳವಾರ ರಾತ್ರಿ 9ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಇಳಿಯುವುದು ಗುರುವಾರ ಬೆಳಗಿನ ಜಾವ 3ಕ್ಕೆ. ಬುಧವಾರ ಅನ್ನುವುದು ಹಾರಾಟದಲ್ಲೇ ಕಳೆದುಹೋಗಿರುತ್ತದೆ. ಕರೆದುಕೊಂಡು ಬರಲು ನೀವು ಬುಧವಾರ ನಸುಕಿಗೆ ಹೋಗಿ ನಿಂತರೆ ಪೂರ್ತಿ ಒಂದು ದಿನ ಕಾಯಬೇಕಾಗುತ್ತದೆ. ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ‘+2’ ಅಂತ ಸಣ್ಣದಾಗಿ ಬರೆದಿರುತ್ತಾರೆ, ಅದನ್ನು ನೋಡಿಕೊಂಡು ಗಾಡಿಗೆ ಹೇಳಿ.